ಮೂರನೆಯ ಸಲ ಕೇಳುವವರೆಗೆ

ಆರ್ವಿಡ್ ನೀಮಿ ಮಾತನ್ನು ತೂಗಿ ಆಡುವ ಮನುಷ್ಯ. ತೂಗಿ ತೂಗಿ ಕೊನೆಗೆ ಆಡದೆಯೇ ಬಿಡುವುದೂ ಉಂಟು. ಸುಪೀರಿಯರ್ ಸರೋವರದ ದಡದ ಪೋರ್ಟ್ ಹ್ಯಾಲ್ವರ್‌ ಊರಿನಲ್ಲಿ ಇದನ್ನು ಯಾರೂ ದೋಷವೆಂದು ತಿಳಿಯುವುದಿಲ್ಲ. ಒಳ್ಳೆಯ ಮನೆತನದ ಲಕ್ಷಣ ಎನ್ನುತ್ತಾರೆ. ಅಲ್ಲಿ ಯಾರಾದರೂ ಕಾಫಿ ಬೇಕೇ ಎಂದು ಕೇಳಿದರೆ ಮೊದಲ ಸಲ "ಅಯ್ಯೋ, ಬೇಡಪ್ಪ" ಅನ್ನಬೇಕು. ಎರಡನೆಯ ಸಲ "ನಿಮಗ್ಯಾಕೆ ಸುಮ್ನೆ ತೊಂದರೆ". ಮೂರನೆಯ ಸಲ "ಮಾಡಿಟ್ಟಿದ್ರೆ ಅರ್ಧ ಕಪ್ ಕೊಡಿ". ಮೊದಲ ಸಲಕ್ಕೇ ಹೂಂ ಎಂದವನು ಹೊರಗಿನವನು. ಮೂರು ಸಲ ಕೇಳದವನು ಜಿಪುಣ. ಆರ್ವಿಡನ ಅಜ್ಜ ಫಿನ್‌ಲೆಂಡಿನಿಂದ ಬಂದಾಗಿನಿಂದ ಆ ಮನೆಯಲ್ಲಿ ಯಾರೂ ಈ ಕ್ರಮ ಮುರಿದದ್ದಿಲ್ಲ.

ಜಿಲ್ಲಾ ಚುನಾವಣಾ ಕಚೇರಿಯಲ್ಲಿ ಆರ್ವಿಡ್ ಹತ್ತು ಹನ್ನೆರಡು ವರ್ಷ ಮತಪತ್ರ ಎಣಿಸಿದ. ಯಾರೂ ಅವನನ್ನು ಗಮನಿಸಿರಲಿಲ್ಲ, ಅವನಿಗೂ ಅದೇ ಹಿತವಾಗಿತ್ತು. ಆದರೆ ಈಚೆಗೆ ಒಂದು ಚುನಾವಣೆ ಮುಗಿದ ಮೇಲೆ, ಅವನ ಜೊತೆ ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ಮೀನು ಹಿಡಿಯುವ ಗೆಳೆಯರೇ "ನಮ್ ನಮ್ಮಲ್ಲೇ ಇರ್ಲಿ ಮಾರಾಯ, ಎಣಿಕೆ ನೆಟ್ಟಗಿತ್ತಾ?" ಎಂದು ಕೇಳತೊಡಗಿದರು. ಆರ್ವಿಡನ ಮನಸ್ಸಿಗೆ ಅದು ಮುಳ್ಳಿನಂತೆ ನಾಟಿತು. ಜನ ಒಬ್ಬರನ್ನೊಬ್ಬರು ನಂಬದಿರುವುದು ಯಾಕೆ ಎಂದು ತಿಳಿಯಲೇಬೇಕು ಅನ್ನಿಸಿತು. ಬೇರೆಯವರಾಗಿದ್ದರೆ ಗೆಳೆಯರನ್ನೇ ಕೇಳುತ್ತಿದ್ದರು. ಆರ್ವಿಡ್ ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುವುದೆಂದು ತೀರ್ಮಾನಿಸಿದ.

ಮೊದಲ ವರ್ಷ ಅರ್ಜಿ ಹಾಕಿದ ಕಡೆಯೆಲ್ಲ ಇಲ್ಲ ಎಂದರು. ಎರಡನೆಯ ವರ್ಷ ಅರ್ಜಿಯ ಜೊತೆ ಒಂದು ಉದ್ದನೆಯ ಪ್ರಬಂಧ ಬರೆದು ಕಳಿಸಿದ. ಎರಡು ಶತ್ರುದೇಶಗಳು ಒಪ್ಪಂದ ಮಾಡಿಕೊಳ್ಳುವಾಗ ಯಾರು ಮೊದಲು ಕೋವಿ ಕೆಳಗಿಡಬೇಕು ಎಂಬುದು ಅದರ ವಿಷಯ. ಅನೇಕ ಸಮೀಕರಣಗಳ ನಂತರ ಅದರಲ್ಲಿ ಸಿಗುವ ಉತ್ತರ: ಬುದ್ಧಿಯಿರುವ ಯಾರೂ ಮೊದಲು ಇಡುವುದಿಲ್ಲ.

ಈ ಪ್ರಬಂಧ ಎರಡು ಕಡೆಯವರಿಗೆ ಹಿಡಿಸಿತು. ಅರಿಜೋನಾದ ಮರುಭೂಮಿಯಲ್ಲಿರುವ ಒಂದು ವಿಶ್ವವಿದ್ಯಾಲಯ ಸೀಟನ್ನೇ ಕೊಟ್ಟಿತು: ಫೀಸಿಲ್ಲ, ಮೇಲೆ ಹೊಟ್ಟೆಪಾಡಿಗಾಗುವಷ್ಟು ಸಂಬಳ. ಪೋರ್ಟ್ ಹ್ಯಾಲ್ವರ್‌ನದೇ ವಿಶ್ವವಿದ್ಯಾಲಯ, ಅವನ ಮನೆಯ ಅಡುಗೆಮನೆ ಕಿಟಕಿಯಿಂದ ಕಾಣುವ ಗುಡ್ಡದ ಮೇಲಿನದು, ಅವನನ್ನು ವೇಟಿಂಗ್ ಲಿಸ್ಟಿನಲ್ಲಿ ಇಟ್ಟಿತು. ಮರುಭೂಮಿಯ ಪತ್ರ ಬಂದ ದಿನವೇ ಆರ್ವಿಡ್ ಚುನಾವಣಾ ಕಚೇರಿಗೆ ರಾಜೀನಾಮೆ ಕೊಟ್ಟು, ಬೀಳ್ಕೊಡುಗೆಯಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಚಿಕ್ಕ ಭಾಷಣವನ್ನೂ ಮಾಡಿದ. ಮರುವಾರವೇ ಅವನ ಕುರ್ಚಿಗೆ ಬೇರೊಬ್ಬರು ಬಂದರು.

ಅವನ ಹೆಂಡತಿ ಮಾರ್ಲಿಸ್ ಭಾಷಣಕ್ಕೆ ಹೋಗಿರಲಿಲ್ಲ. ಮನೆಯ ಪಕ್ಕದ ಶೆಡ್ಡಿನಲ್ಲಿ ಆಕೆ ಬ್ರೆಡ್ಡಿನಂಗಡಿ ತೆರೆದು ವರ್ಷ ತುಂಬಿರಲಿಲ್ಲ. ಇಟ್ಟಿಗೆಯ ದೊಡ್ಡ ಒಲೆ. ಅದನ್ನು ಕಟ್ಟಿಸಿದ ಮೇಲೆ ಶೆಡ್ಡಿನ ಬಾಗಿಲನ್ನು ಚಿಕ್ಕದು ಮಾಡಿಸಿದ್ದರಿಂದ ಇನ್ನು ಅದು ಹೊರಗೆ ಬರುವ ಮಾತೇ ಇರಲಿಲ್ಲ.

"ನೀನು ಮರುಭೂಮಿಗೆ ಹೋದ್ರೆ ಆರು ವರ್ಷ," ಎಂದಳು ಮಾರ್ಲಿಸ್, ಹಿಟ್ಟು ನಾದುತ್ತ. "ಒಲೇನ ಹೆಗಲ ಮೇಲೆ ಹೊತ್ಕೊಂಡು ನಿನ್ ಹಿಂದೆ ಬರೋಕಾಗಲ್ಲ. ನೀನಲ್ಲಿ, ನಾನಿಲ್ಲಿ. ಕ್ರಿಸ್ಮಸ್‌ಗೆ ಬಾ, ಮುಖ ನೋಡ್ಕೊಂಡು ಹೋಗು."

"ಇಲ್ಲಿ ಸೀಟು ಸಿಗುತ್ತೆ, ಮಾರ್ಲಿಸ್. ನಾನು ಲಿಸ್ಟಲ್ಲಿ ಮೇಲಿದ್ದೀನಂತೆ."

"ಯಾರಂದ್ರು?"

"ಬರ್ನೀಸ್."

ಬರ್ನೀಸ್ ರಾಜ್ಯಶಾಸ್ತ್ರ ವಿಭಾಗದ ಕಾರ್ಯದರ್ಶಿ. ಆರ್ವಿಡನ ಅಮ್ಮನ ಜೊತೆ ಚರ್ಚಿನಲ್ಲಿ ಹಾಡಿದವಳು. ವೇಟಿಂಗ್ ಲಿಸ್ಟಿನಲ್ಲಿದ್ದ ಪ್ರತಿಯೊಬ್ಬರಿಗೂ ಆಕೆ "ನೀನು ಮೇಲೇ ಇದ್ದೀಯ ಕಂದ" ಎಂದೇ ಹೇಳುತ್ತಿದ್ದಳು. ಮನಸ್ಸು ನೋಯಿಸುವುದು ಆಕೆಗೆ ಗೊತ್ತಿರಲಿಲ್ಲ.

ಈ ವ್ಯವಹಾರದಲ್ಲಿ ಒಂದು ನಿಯಮವಿದೆ. ಸೀಟು ಸಿಕ್ಕವರು ಏಪ್ರಿಲ್ ಹದಿನೈದರವರೆಗೆ ಹೂಂ ಅನ್ನದೆ ಊಹೂಂ ಅನ್ನದೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂರಬಹುದು. ಅಂಥವರು ಎದ್ದರೆ ವೇಟಿಂಗ್ ಲಿಸ್ಟಿನವರು ಕೂರಬೇಕು. ಹಾಗಾಗಿ ಇಡೀ ದೇಶದಲ್ಲಿ ವಸಂತಕಾಲದುದ್ದಕ್ಕೂ ಸಾವಿರಾರು ಬುದ್ಧಿವಂತರು ಒಬ್ಬರ ಮುಖ ಒಬ್ಬರು ನೋಡುತ್ತ, ನೀನು ಏಳು, ನೀನು ಏಳು ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿರುತ್ತಾರೆ. ಆರ್ವಿಡನೂ ಮರುಭೂಮಿಯ ಸೀಟಿನ ಮೇಲೆ ಕೂತಿದ್ದ. ಅದನ್ನು ಅವನು ಹಾಗೆ ಕರೆಯುತ್ತಿರಲಿಲ್ಲ. ಕೈಯಲ್ಲಿರಲಿ ಎಂದು ಇಟ್ಟುಕೊಂಡಿದ್ದೇನೆ ಎನ್ನುತ್ತಿದ್ದ.

ಮಾರ್ಚಿನಲ್ಲಿ, ಸೀಟು ಸಿಕ್ಕವರನ್ನು ಗುಡ್ಡದ ಮೇಲಿನವರು ಊರಿಗೆ ಕರೆಸಿ ಉಪಚರಿಸಿದರು. ಬರ್ನೀಸ್ ಆರ್ವಿಡನಿಗೆ ಫೋನ್ ಮಾಡಿ, "ವಿಮಾನ ನಿಲ್ದಾಣದಿಂದ ಒಬ್ಬಳನ್ನ ಕರ್ಕೊಂಡು ಬರ್ತೀಯಾ ಕಂದ? ನಿನಗೂ ನಾಲ್ಕು ಜನರ ಕಣ್ಣಿಗೆ ಬಿದ್ದ ಹಾಗಾಗುತ್ತೆ," ಎಂದಳು. ಬಂದವಳು ಗ್ರಾಸಿಯೇಲಾ ಯಾನ್ಯೆಸ್. ಅರಿಜೋನಾದವಳು, ಮೂವತ್ತರ ಆಸುಪಾಸು, ತೆಳ್ಳನೆಯ ಜಾಕೆಟ್ಟು.

ಆರ್ವಿಡ್ ತಾನು ವೇಟಿಂಗ್ ಲಿಸ್ಟಿನವನೆಂದು ಹೇಳಲಿಲ್ಲ. "ನಾನೂ ಯೋಚನೆ ಮಾಡ್ತಾ ಇದ್ದೀನಿ," ಎಂದ, ದೊಡ್ಡ ಮನುಷ್ಯನಂತೆ.

"ನಾನೂ ಅಷ್ಟೇ. ಎರಡು ಮೂರು ಕಡೆ ಇದೆ," ಎಂದಳು ಆಕೆ, ಅಷ್ಟೇ ದೊಡ್ಡವಳಂತೆ.

ಎದುರಾಳಿಯನ್ನು ಹೇಗೆ ಓಡಿಸಬೇಕೆಂದು ಆರ್ವಿಡ್ ಆಗಲೇ ಲೆಕ್ಕ ಹಾಕಿದ್ದ. ನೇರವಾಗಿ ಬರಬೇಡ ಎನ್ನುವುದು ಅಸಭ್ಯ. ಹಾಗಾಗಿ ಆಕೆಯನ್ನು ಹೋಟೆಲಿಗೆ ಕರೆದೊಯ್ಯುವ ಬದಲು ಸರೋವರದ ಕಡೆ ತಿರುಗಿಸಿದ. ಮಂಜುಗಟ್ಟಿದ ನೀರು ಕಣ್ಣು ಹಾಯುವಷ್ಟು ದೂರ ಬೆಳ್ಳಗೆ ಬಿದ್ದಿತ್ತು. ಗಾಳಿಗೆ ಮೂಗಿನೊಳಗಿನ ಕೂದಲೂ ಸೆಟೆದು ನಿಲ್ಲುತ್ತಿತ್ತು.

"ಸೊಗಸಾಗಿದೆ ಅಲ್ವಾ?" ಎಂದ ಆರ್ವಿಡ್. "ನಮ್ಮ ದೊಡ್ಡಪ್ಪನ ಹೆಬ್ಬೆರಳು ಇಲ್ಲೇ ಹೋಗಿದ್ದು."

"ಎಲ್ಲಿಗೆ ಹೋಯ್ತು?"

"ಉದುರ್ಹೋಯ್ತು. ಚಳಿಗೆ. ಕಾಲಿಂದು. ಆದ್ರೆ ಒಂದು ಹೋದ್ರೆ ಏನಂತೆ, ಇನ್ನೂ ಒಂಬತ್ತಿದ್ವು."

ವಿಶ್ವವಿದ್ಯಾಲಯದ ಗೇಟು ಬರುವಷ್ಟರಲ್ಲಿ ದೊಡ್ಡಪ್ಪನ ಹೆಬ್ಬೆರಳು ಇನ್ನೂ ಎರಡು ಸಲ ಉದುರಿತು. ಗ್ರಾಸಿಯೇಲಾ ಹಲ್ಲು ಕಟಕಟಿಸುತ್ತ "ಎಷ್ಟು ಚೆನ್ನಾಗಿದೆ, ಎಷ್ಟು ಪ್ರಶಾಂತ," ಎಂದಳು. ಚೀಲದಿಂದ ಒಂದು ಸ್ಯಾಂಡ್‌ವಿಚ್ ತೆಗೆದು, ಅರ್ಧ ಮುರಿದು, "ತಗೊಳ್ಳಿ," ಎಂದಳು. ಬೆಳಿಗ್ಗೆಯಿಂದ ಏನೂ ತಿನ್ನದ ಆರ್ವಿಡ್ "ಅಯ್ಯೋ, ಬೇಡಪ್ಪ," ಎಂದ. ಆಕೆ ಸರಿ ಎಂದು ಆ ಅರ್ಧವನ್ನೂ ತಿಂದುಬಿಟ್ಟಳು. ಎರಡನೆಯ ಸಲ ಕೇಳಲೇ ಇಲ್ಲ! ಇಂಥವರು ಈ ಊರಲ್ಲಿ ಬಾಳುವುದು ಹೇಗೆ ಎಂದು ಆರ್ವಿಡ್ ರಾತ್ರಿ ಊಟಕ್ಕೆ ಕೂತಾಗಲೂ ಹೇಳಿದ.

"ಅದಿರ್ಲಿ, ಹೆದರಿದ್ಳಾ?" ಎಂದು ಮಾರ್ಲಿಸ್ ಕೇಳಿದಳು.

"ಪ್ರಶಾಂತವಾಗಿದೆ ಅಂದ್ಳು."

"ಹಾಗಿದ್ರೆ ಬರ್ತಾಳೆ," ಎಂದಳು ಮಾರ್ಲಿಸ್.

ಏಪ್ರಿಲ್ ಬಂದರೂ ಗುಡ್ಡದ ಮೇಲಿನಿಂದ ಸುದ್ದಿಯಿಲ್ಲ. ಅರ್ಜಿ ಹಾಕಿದವರೆಲ್ಲ ಹೆಸರು ಮರೆಮಾಚಿ ಗೋಳು ಹೇಳಿಕೊಳ್ಳುವ ಅಂತರ್ಜಾಲದ ಕಟ್ಟೆಯೊಂದಿದೆ. ಆರ್ವಿಡ್ ಹಗಲಿಡೀ ಅಲ್ಲೇ ಕೂತ. ಅಲ್ಲಿ ಅವನ ಹೆಸರು 'ದೀಪಸ್ತಂಭ'. ಆ ಹೆಸರಿನ ಹಿಂದೆ ನಿಂತರೆ ತೂಗಿ ಆಡುವ ಅಗತ್ಯವಿರಲಿಲ್ಲ. ಹೋಗದ ಊರಿನ ಸೀಟನ್ನು ಸುಮ್ಮನೆ ಹಿಡಿದಿಟ್ಟುಕೊಂಡವರಿಗೆ ನಾಚಿಕೆಯಾಗಬೇಕು, ಇವರೆಲ್ಲ ರಾಜ್ಯಶಾಸ್ತ್ರ ಓದಿ ದೇಶಕ್ಕೆ ಏನು ಮಾಡುತ್ತಾರೆ ಎಂದು ದೊಡ್ಡದಾಗಿ ಬರೆದ. ಬಹಳ ಜನ ತಲೆದೂಗಿದರು. ಎಲ್ಲರಿಗಿಂತ ಜೋರಾಗಿ ತಲೆದೂಗಿದ್ದು 'ಕಳ್ಳಿಹೂವು' ಎಂಬಾಕೆ. "ಸರಿಯಾಗಿ ಹೇಳಿದಿರಿ. ನನ್ನ ಊರಿನ ಸೀಟೊಂದರ ಮೇಲೂ ಯಾವನೋ ಸ್ವಾರ್ಥಿ ಕೂತಿದ್ದಾನೆ," ಎಂದು ಆಕೆ ಬರೆದಿದ್ದಳು. ದೀಪಸ್ತಂಭ ಆಕೆಗೆ ಧೈರ್ಯ ಹೇಳಿದ. ಅಂಥವರಿಗೆ ಆತ್ಮಸಾಕ್ಷಿಯೇ ಇರುವುದಿಲ್ಲ ಎಂದೂ ಸೇರಿಸಿದ. ಒಂದು ವಾರದಲ್ಲಿ ಇಬ್ಬರೂ ಪರಮ ಸ್ನೇಹಿತರಾದರು.

ಹದಿನೈದನೆಯ ತಾರೀಖು ಬೆಳಿಗ್ಗೆ ಆರ್ವಿಡ್ ಅಂಗಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಮಾರ್ಲಿಸ್ ಒಲೆಗೆ ಬ್ರೆಡ್ಡು ತಳ್ಳುತ್ತಿದ್ದಳು. ಸಂಜೆ ಕಚೇರಿ ಮುಚ್ಚುವುದರೊಳಗೆ ಮರುಭೂಮಿಯವರಿಗೆ ಹೂಂ ಅನ್ನಬೇಕು, ಇಲ್ಲವೇ ಅದೂ ಹೋಗುತ್ತದೆ. ಕಳ್ಳಿಹೂವು ಹೊಸದಾಗಿ ಏನೋ ಬರೆದಿದ್ದಳು.

"ನನ್ನೂರಿನಿಂದ ಇನ್ನೂ ಕರೆ ಬಂದಿಲ್ಲ. ಇವತ್ತು ಬರದಿದ್ದರೆ ಉತ್ತರದ ಆ ಮಂಜಿನ ಊರಿಗೇ ಹೋಗಬೇಕು. ಅಲ್ಲಿ ನನ್ನನ್ನು ಕರೆದುಕೊಂಡು ಹೋದ ಮಹಾಶಯ ತನ್ನ ದೊಡ್ಡಪ್ಪನ ಹೆಬ್ಬೆರಳು ಉದುರಿದ್ದನ್ನು ಮೂರು ಸಲ ಹೇಳಿದ. ವೇಟಿಂಗ್ ಲಿಸ್ಟಿನವನೇ ಇರಬೇಕು, ಪಾಪ. ನನ್ನ ಸ್ಯಾಂಡ್‌ವಿಚ್ಚನ್ನು ನಾಯಿ ನೋಡುವ ಹಾಗೆ ನೋಡಿದ, ಕೊಟ್ಟರೆ ಬೇಡ ಎಂದ."

ಆರ್ವಿಡನ ಕಿವಿಯ ತುದಿಗಳು ಕೆಂಪಾದವು. ಮೊದಲು ಅವಮಾನವಾಯಿತು. ಆಮೇಲೆ ವಿಷಯ ಹೊಳೆಯಿತು: ಅವನಿಗೆ ಬೇಕಾದ ಸೀಟು ಆಕೆಯ ಬಳಿಯಿದೆ. ಆಕೆ ಅರಿಜೋನಾದವಳು, ಆಕೆಗೆ ಬೇಕಾದ ಮರುಭೂಮಿಯ ಸೀಟಿನ ಮೇಲೆ ಕೂತ ಆತ್ಮಸಾಕ್ಷಿಯಿಲ್ಲದ ಸ್ವಾರ್ಥಿ ಯಾರು?

"ಮಾರ್ಲಿಸ್," ಎಂದ. "ನಾನು ನಾಯಿ ತರ ನೋಡ್ತೀನಾ?"

"ಒಮ್ಮೊಮ್ಮೆ," ಎಂದಳು ಮಾರ್ಲಿಸ್. ಅವನು ಓದಿ ಹೇಳಿದ್ದನ್ನು ಕೇಳಿ ಆಕೆ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟಳು. "ಮತ್ತೆ ಕೂತಿದ್ದೀಯಲ್ಲ? ಫೋನ್ ಮಾಡು."

ವಿಮಾನ ನಿಲ್ದಾಣಕ್ಕೆ ಹೋಗುವ ದಿನ ಬರ್ನೀಸ್ ಕೊಟ್ಟಿದ್ದ ನಂಬರು ಅವನ ಫೋನಿನಲ್ಲೇ ಇತ್ತು. ಗ್ರಾಸಿಯೇಲಾ ತಕ್ಷಣ ಎತ್ತಿದಳು. ಹಿಂದಿನಿಂದ ಪಾತ್ರೆಗಳ ಸದ್ದು, ಯಾರೋ ಮಗುವಿನ ಹಾಡು.

"ನಾನು ದೀಪಸ್ತಂಭ," ಎಂದ ಆರ್ವಿಡ್. "ಹೆಬ್ಬೆರಳಿನವನು ಕೂಡ ನಾನೇ."

ಮರುಭೂಮಿಯ ಸೀಟಿನ ವಿಷಯವನ್ನೂ ಅವನು ಹೇಳಿ ಮುಗಿಸಿದ ಮೇಲೆ ಆಕೆ ಕೇಳಿದಳು: "ಅಂದ್ರೆ ಒಂದು ವಾರದಿಂದ ನೀನೂ ನಾನೂ ಸೇರ್ಕೊಂಡು ಬೈತಾ ಇದ್ದಿದ್ದು ನಮ್ಮನ್ನೇನಾ?"

"ಹಾಗೇ ಕಾಣುತ್ತೆ."

"ಸರಿ ಬಿಡು. ನೀನು ಇಲ್ಲಿನ ಸೀಟು ಬೇಡ ಅನ್ನು. ನನಗೆ ಇವ್ರಿಂದ ಕರೆ ಬಂದ ತಕ್ಷಣ ನಾನು ನಿನ್ನೂರಿಂದು ಬೇಡ ಅಂತೀನಿ."

"ಅವ್ರು ನಿನ್ನನ್ನೇ ಕರೀತಾರೆ ಅಂತ ಏನು ಗ್ಯಾರಂಟಿ?"

"ಲಿಸ್ಟಲ್ಲಿ ನಾನು ಮೇಲಿದ್ದೀನಂತೆ."

ಈ ಮಾತನ್ನು ಆರ್ವಿಡ್ ಮೊದಲೂ ಕೇಳಿದ್ದ. "ನೀನೇ ಮೊದಲು ಬಿಡು. ನಾನು ಇಲ್ಲಿ ಲಿಸ್ಟಲ್ಲಿ ಮೇಲಿದ್ದೀನಿ."

"ಒಳ್ಳೇ ಕತೆ! ನಾನು ಬಿಟ್ಟು, ನೀನು ಆಮೇಲೆ ಮನಸ್ಸು ಬದಲಾಯಿಸಿದ್ರೆ? ನಾನು ನಿನ್ನ ಪ್ರಬಂಧ ಓದಿದ್ದೀನಿ ಮಾರಾಯ, ಕಟ್ಟೆ ಮೇಲೆ ನೀನೇ ಹಾಕಿದ್ದೆ. ಬುದ್ಧಿ ಇರೋ ಯಾರೂ ಮೊದಲು ಇಡಲ್ಲ ಅಂತ ಬರ್ದಿದ್ದೀಯ."

"ಅದು ದೇಶಗಳ ವಿಷಯ."

"ನನ್ನ ಪ್ರಬಂಧಾನೂ ಅದೇ ಹೇಳುತ್ತೆ. ನಂದರಲ್ಲಿ ಸಮೀಕರಣ ಜಾಸ್ತಿ."

ಕೊನೆಗೆ ಇಬ್ಬರೂ ಒಂದು ಉಪಾಯಕ್ಕೆ ಒಪ್ಪಿದರು. ಒಂದು, ಎರಡು, ಮೂರು ಎಂದು ಜೊತೆಯಲ್ಲಿ ಎಣಿಸಿ, ಮೂರಕ್ಕೆ ಇಬ್ಬರೂ ತಮ್ಮ ತಮ್ಮ ಪರದೆಯ ಮೇಲೆ 'ನಿರಾಕರಿಸಿ' ಎಂಬ ಗುಂಡಿ ಒತ್ತುವುದು. ಎಣಿಸಿದರು. ಮೂರು ಎಂದರು.

"ಒತ್ತಿದ್ಯಾ?" ಎಂದಳು ಗ್ರಾಸಿಯೇಲಾ.

"ನೀನು?"

"ಮೊದಲು ನೀನು ಹೇಳು."

ಮಾರ್ಲಿಸ್ ಒಲೆಯ ಬಾಗಿಲನ್ನು ಧಡಾರನೆ ಮುಚ್ಚಿದಳು. "ಇಬ್ಬರೂ ಒತ್ತಿಲ್ಲ," ಎಂದಳು ಯಾರಿಗೂ ಅಲ್ಲವೆಂಬಂತೆ. "ಇಂಥವ್ರನ್ನ ಕಟ್ಕೊಂಡು ದೇಶ ಉದ್ಧಾರ ಆಗ್ಬೇಕು."

ಆಗ ಫೋನಿನಲ್ಲಿ ಹಾಡು ನಿಂತು, ಮಗುವೊಂದು ಹತ್ತಿರದಲ್ಲೇ ಕೇಳಿತು: "ಅಮ್ಮಾ, ನೀನು ಮಂಜಿನ ಊರಿಗೆ ಹೋದ್ರೆ ನಾನು ಬುಧವಾರಾನೂ ಅಪ್ಪನ ಮನೇಲೇ ಇರಬೇಕಾ?"

ಗ್ರಾಸಿಯೇಲಾ ಫೋನಿಗೆ ಕೈ ಅಡ್ಡ ಹಿಡಿದಳು. ಪೂರ್ತಿ ಮುಚ್ಚಲಿಲ್ಲವೋ ಏನೋ. "ಗೊತ್ತಿಲ್ಲ ಪುಟ್ಟ, ಸುಮ್ನೆ ತಿನ್ನು," ಎಂದದ್ದು ಕೇಳಿಸಿತು. ಅವಳ ದನಿಯಲ್ಲಿ ಈಗ ದೊಡ್ಡಸ್ತಿಕೆಯೇನೂ ಇರಲಿಲ್ಲ.

ಆರ್ವಿಡ್ ಪರದೆ ನೋಡಿದ. ಹೆಂಡತಿಯ ಬೆನ್ನು ನೋಡಿದ. ಒತ್ತಿದರೆ, ಮರುಭೂಮಿಯವರು ಬೇರೆ ಯಾರನ್ನೋ ಕರೆದರೆ, ಅವನಿಗೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ, ಚುನಾವಣಾ ಕಚೇರಿಯ ಕುರ್ಚಿಯೂ ಇಲ್ಲ. ಅವನ ಪ್ರಬಂಧದ ಒಂದೊಂದು ಸಾಲೂ ಬೇಡ ಎನ್ನುತ್ತಿತ್ತು. ಮಾರ್ಲಿಸ್ ತಿರುಗಿ ನೋಡಿ ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ಆರ್ವಿಡನಿಗೆ ತಿಳಿಯಲಿಲ್ಲ, ಕೇಳಲು ಧೈರ್ಯವೂ ಆಗಲಿಲ್ಲ. ಒತ್ತಿದ. ಖಚಿತವೇ ಎಂದು ಯಂತ್ರ ಇನ್ನೊಂದು ಸಲ ಕೇಳಿತು. ಕಣ್ಣು ಮುಚ್ಚಿ ಮತ್ತೆ ಒತ್ತಿದ.

"ಒತ್ತಿದೆ," ಎಂದ. "ಈ ಸಲ ನಿಜವಾಗ್ಲೂ."

"ನಿಜವಾಗ್ಲೂ?" ಎಂದಳು ಗ್ರಾಸಿಯೇಲಾ. "ಇರು, ನಾನು..." ಎನ್ನುವಷ್ಟರಲ್ಲಿ, "ಅಯ್ಯೋ, ಇನ್ನೊಂದು ಕಾಲ್ ಬರ್ತಾ ಇದೆ," ಎಂದು ಫೋನ್ ಕಟ್ಟಾಯಿತು.

ಆಮೇಲೆ ಏನೂ ಇಲ್ಲ. ಮಧ್ಯಾಹ್ನದ ಬ್ರೆಡ್ಡು ಒಲೆಯಿಂದ ಹೊರಗೆ ಬಂತು. ಗಿರಾಕಿಗಳು ಬಂದು ಹೋದರು. ಸುಮ್ಮನೆ ಕೂರಲಾಗದೆ ಆರ್ವಿಡ್ ಏಪ್ರನ್ ಕಟ್ಟಿಕೊಂಡು ಹಿಟ್ಟು ನಾದಲು ನಿಂತ. ಗ್ರಾಸಿಯೇಲಾಳಿಗೆ ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಕಟ್ಟೆಯ ಮೇಲೆ ಕಳ್ಳಿಹೂವಿನ ಸುಳಿವಿಲ್ಲ. ಮರುಭೂಮಿಯ ಸೀಟನ್ನು ಇಟ್ಟುಕೊಂಡು, ಸರೋವರದ್ದನ್ನೂ ಬಿಡದೆ, ಸಂಜೆಯವರೆಗೆ ಎರಡನ್ನೂ ಅವುಚಿಕೊಂಡು ಕೂತಿದ್ದಾಳೆ ಎಂದು ಅವನು ಲೆಕ್ಕ ಹಾಕಿದ. ಆಕೆಯ ಜಾಗದಲ್ಲಿ ತಾನಿದ್ದರೆ ಏನು ಮಾಡುತ್ತಿದ್ದೆ ಎಂಬುದು ಅವನ ಪ್ರಬಂಧದಲ್ಲೇ ಇತ್ತು.

"ಗೋಡೆಗೆ ಸುಣ್ಣ ಹೊಡೆಯೋಕೆ ಬರುತ್ತಾ ನಿನಗೆ?" ಎಂದಳು ಮಾರ್ಲಿಸ್.

"ಯಾಕೆ?"

"ನಾಳೆಯಿಂದ ಕೆಲಸ ಬೇಕಲ್ಲ."

ಆಗ ಫೋನ್ ಬಂತು. ಗುಡ್ಡದ ಮೇಲಿನ ಪ್ರೊಫೆಸರ್ ರೋಸೆಲ್ಲಿ, ಪ್ರವೇಶದ ಉಸ್ತುವಾರಿಯವರು. ನ್ಯೂಜೆರ್ಸಿಯಿಂದ ಬಂದು ಆರು ತಿಂಗಳಾಗಿತ್ತು. ಊರಿನವರಿಗೆ ಅವರ ಮಾತು ಅಂಗಡಿಯ ಶಟರ್ ಎಳೆದ ಹಾಗೆ ಕೇಳುತ್ತಿತ್ತು.

"ನೀಮೀನಾ? ರೋಸೆಲ್ಲಿ. ಒಂದು ಸೀಟು ಖಾಲಿ ಆಯ್ತು. ಬೇಕಾ?"

ಆರ್ವಿಡನ ಎದೆಯಲ್ಲಿ ಸರೋವರದ ಮಂಜು ಒಡೆದಂತಾಯಿತು. ಹೂಂ ಎನ್ನಬೇಕೆಂದು ಬಾಯಿ ತೆರೆದ. ಅಜ್ಜನ ಕಾಲದಿಂದ ಬಂದದ್ದು ನಾಲಿಗೆಯಿಂದ ತಾನಾಗಿಯೇ ಜಾರಿತು: "ಅಯ್ಯೋ, ಬೇಡಪ್ಪ... ಅಂದ್ರೆ, ನನಗಿಂತ ಅಗತ್ಯ ಇರೋರು ಬೇರೆ ಯಾರಾದ್ರೂ ಇದ್ರೆ..."

"ಇದ್ದಾರೆ. ಆಯ್ತು, ಥ್ಯಾಂಕ್ಸ್," ಎಂದು ರೋಸೆಲ್ಲಿ ಫೋನ್ ಇಟ್ಟರು.

ಮಾರ್ಲಿಸ್ ಅವನ ಮುಖ ನೋಡಿದಳು. "ಯಾರು?"

"ರೋಸೆಲ್ಲಿ."

"ಏನಂತೆ?"

"ಸೀಟು ಬೇಕಾ ಅಂದ್ರು."

"ನೀನೇನಂದೆ?"

ಆರ್ವಿಡ್ ಫೋನಿಗೆ ಅಂಟಿದ ಹಿಟ್ಟನ್ನು ಏಪ್ರನ್ನಿಗೆ ಒರೆಸಿದ.

"ಆರ್ವಿಡ್."

"ಒಂದೇ ಸಲ ಕೇಳಿದ್ರು, ಮಾರ್ಲಿಸ್," ಎಂದ ಅವನು, ಕಣ್ಣಲ್ಲಿ ನೀರು ತುಂಬಿ. "ಒಂದೇ ಸಲ."

ತಿರುಗಿ ಫೋನ್ ಮಾಡಿದರೆ ರೋಸೆಲ್ಲಿ ಎತ್ತಲಿಲ್ಲ. ಬರ್ನೀಸಳದು ಎಂಗೇಜ್. ಮಾರ್ಲಿಸ್ ಬ್ರೆಡ್ಡಿನ ವ್ಯಾನಿನ ಕೀಲಿಯನ್ನು ಅವನ ಎದೆಗೆ ಎಸೆದಳು. "ಓಡು! ಅಲ್ಲಿ ಹೋಗಿ ಮರ್ಯಾದೆ ಗಿರ್ಯಾದೆ ಅಂದ್ರೆ ನಿನ್ನನ್ನೇ ಒಲೆಗೆ ಹಾಕ್ತೀನಿ!"

ಗುಡ್ಡದ ರಸ್ತೆಯಲ್ಲಿ ಹಳೆಯ ಮಂಜು ಕರಗಿ ಕೆಸರಾಗಿತ್ತು. ವ್ಯಾನಿನ ಹಿಂದೆ ತಟ್ಟೆಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಬೇರೆ ಯಾರೋ, ಯಾವುದೋ ಊರಿನಲ್ಲಿ, ಈ ಹೊತ್ತಿಗೆ ಫೋನ್ ಎತ್ತಿ ಮೊದಲ ಸಲಕ್ಕೇ ಹೂಂ ಎನ್ನುತ್ತಿರಬಹುದು, ಹಾಗೆಂದುಬಿಟ್ಟರೆ ಮುಗಿಯಿತು. ಅವನು ಏಪ್ರನ್ನಿನಲ್ಲೇ, ಮೈಯೆಲ್ಲ ಹಿಟ್ಟಾಗಿ, ಮೆಟ್ಟಿಲು ಹತ್ತಿ ವಿಭಾಗದ ಬಾಗಿಲು ತಳ್ಳಿದ.

ರೋಸೆಲ್ಲಿ ಬರ್ನೀಸಳ ಮೇಜಿನ ಮುಂದೆ ನಿಂತು ಬೆರಳಿನಿಂದ ಮೇಜು ಬಡಿಯುತ್ತಿದ್ದರು. ಬರ್ನೀಸ್ ಮೇಜಿನ ಕೆಳಗೆ ಬಗ್ಗಿ ಏನೋ ಹುಡುಕುತ್ತಿದ್ದಳು. ಅವಳ ಫೋನಿನ ರಿಸೀವರ್ ಪಕ್ಕಕ್ಕೆ ಜಾರಿ ಬಿದ್ದಿತ್ತು.

"ನನಗೆ ಬೇಕು!" ಎಂದು ಆರ್ವಿಡ್ ಕೂಗಿದ. ಆ ಕಟ್ಟಡದಲ್ಲಿ ಅಷ್ಟು ಜೋರಾಗಿ ಯಾರೂ ಏನನ್ನೂ ಬೇಕು ಎಂದಿರಲಿಲ್ಲ. "ಸೀಟು. ನನಗೆ ಬೇಕು. ಬೇರೆಯವ್ರಿಗೆ ಅಗತ್ಯ ಇದ್ರೂ ನನಗೇ ಬೇಕು."

"ಈಗ ತಾನೇ ಬೇಡ ಅಂದ್ಯಲ್ಲಯ್ಯಾ?" ಎಂದರು ರೋಸೆಲ್ಲಿ.

"ಅದು ಮೊದಲನೇ ಸಲ," ಎಂದಳು ಬರ್ನೀಸ್ ಮೇಜಿನ ಕೆಳಗಿನಿಂದಲೇ.

"ಹಾಗಂದ್ರೆ? ಮುಂದಿನವ್ರ ನಂಬರ್ ಕೊಡಿ ಅಂತ ನಾನು ಕೇಳಿ ಎಷ್ಟು ಹೊತ್ತಾಯ್ತು, ಇವ್ರು ಕನ್ನಡಕ ಹುಡುಕ್ತಾನೇ ಇದ್ದಾರೆ."

ಬರ್ನೀಸ್ ಎದ್ದು ನಿಂತಳು. ಕನ್ನಡಕ ಅವಳ ತಲೆಯ ಮೇಲೆಯೇ ಇತ್ತು. ಅದನ್ನು ನಿಧಾನವಾಗಿ ಮೂಗಿನ ಮೇಲೆ ಇಳಿಸಿಕೊಂಡು, "ಸಿಕ್ತು ನೋಡಿ," ಎಂದಳು. "ಇನ್ನೂ ಎರಡು ಸಲ ಬಾಕಿ ಇತ್ತಲ್ಲ ಕಂದ. ಬರ್ತೀಯ ಅಂತ ಗೊತ್ತಿತ್ತು."

ರೋಸೆಲ್ಲಿ ಇಬ್ಬರನ್ನೂ ನೋಡಿದರು. ಈ ಊರಿನ ರಾಜಕೀಯದ ಬಗ್ಗೆ ಒಂದು ಪುಸ್ತಕ ಬರೆಯುತ್ತೇನೆಂದು ಅವರು ಬಂದ ಹೊಸದರಲ್ಲಿ ಹೇಳಿದ್ದರು. ಆ ಯೋಜನೆಯನ್ನು ಕೈಬಿಟ್ಟದ್ದು ಅಂದೇ ಇರಬೇಕು. "ಸಹಿ ಹಾಕು," ಎಂದರು. ಆರ್ವಿಡ್ ಹಾಕಿದ. ಕಾಗದದ ಮೇಲೆ ಹಿಟ್ಟಿನ ಹೆಬ್ಬೆರಳೊಂದು ಅಚ್ಚೊತ್ತಿತು.

ಜೇಬಿನಲ್ಲಿ ಫೋನ್ ಮಿಡಿಯಿತು. ಗ್ರಾಸಿಯೇಲಾ: "ಕರೆ ಬಂತು. ಹೂಂ ಅಂದೆ. ಕೂಡಲೇ ನಿನ್ನ ಕಡೆ ಬೇಡ ಅಂದೆ. ಫೋನ್ ಎತ್ತೋಕಾಗ್ಲಿಲ್ಲ, ಮಗನ್ನ ತಬ್ಕೊಂಡು ಅಳ್ತಾ ಇದ್ದೆ." ಆರ್ವಿಡ್ ಅದನ್ನು ಓದಿ, ತನ್ನ ಪ್ರಬಂಧದಲ್ಲಿ ಇದಕ್ಕೆ ಎಲ್ಲಿ ಜಾಗ ಮಾಡುವುದೆಂದು ಒಂದು ಕ್ಷಣ ಯೋಚಿಸಿದ. ಎಲ್ಲೂ ಇರಲಿಲ್ಲ.

ಬರ್ನೀಸ್ ಒಂದು ಕುರ್ಚಿ ಎಳೆದು ಅವನ ಮುಂದಿಟ್ಟಳು. "ಕೂತ್ಕೋ ಕಂದ. ಕಾಫಿ ಕೊಡ್ಲಾ?"

"ಕೊಡಿ," ಎಂದ ಆರ್ವಿಡ್.

ಬರ್ನೀಸಳ ಕೈ ಕಾಫಿ ಪಾತ್ರೆಯ ಮೇಲೆ ಹಾಗೇ ನಿಂತಿತು. ಚರ್ಚಿನಲ್ಲಿ ತನ್ನ ಪಕ್ಕ ನಿಂತು ಹಾಡುತ್ತಿದ್ದವಳ ಮಗನನ್ನು, ಯಾವುದೋ ದೂರದ ಊರಿನಿಂದ ಈಗಷ್ಟೇ ಬಂದಿಳಿದವನನ್ನು ನೋಡುವಂತೆ, ಆಕೆ ಕನ್ನಡಕದ ಮೇಲಿನಿಂದ ನೋಡಿದಳು.

"ತುಂಬಾನೇ ಕೊಡಿ," ಎಂದ ಅವನು.